ಸೈಕಲ್‌ಗೂ ಬೇಕು ಆಲ್ಟ್ರೇಶನ್!

ದೀಪಾವಳಿ ಪಾಡ್ಯದ ಬೆಳಿಗ್ಗೆ. ಅಪ್ಪ ಹೊಲಿದಿಟ್ಟಿದ್ದ ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದೆ. ಒಂದು ಗುಂಡಿ ಹಾಕಿಕೊಂಡೆ, ಎರಡನೆಯದನ್ನೂ ಹೇಗೋ ಸಿಕ್ಕಿಸಿದೆ. ಮೂರನೆಯದು ಕಾಜಾದೊಳಗೆ ಹೋಗುತ್ತಲೇ ಇಲ್ಲ. ಎರಡೂ ಕೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿದಿದ್ದವು. ಉಳಿದ ಬೆರಳು ಸರಿಯಿದ್ದರೂ ಹಿಡಿತಕ್ಕೆ ಬಲವಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪ, ‘ಕಾಜಾ ಸಣ್ಣದಾತೇನೋ?’ ಎಂದ. ಇಪ್ಪತ್ತು ವರ್ಷದ ಟೇಲರ್ ಮಗ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನಿಂತಿದ್ದೆ. ತಪ್ಪು ಕಾಜಾದ್ದಲ್ಲ, ಹಿಂದಿನ ದಿನ ಹುಬ್ಬಳ್ಳಿಯಿಂದ ಹೊಡೆದುಕೊಂಡು ಬಂದಿದ್ದ ನನ್ನ ಸೈಕಲ್ಲಿನದು ಎಂದು ಹೇಳಲು ನಾಚಿಕೆಯಾಯಿತು. ಯಾಕೆಂದರೆ ಆ ಸೈಕಲ್ಲಿಗೆ ಐದು ಸಾವಿರ ಕೊಟ್ಟವನು ಅಪ್ಪನೇ.

ನಾನು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ನಮ್ಮ ವಿಜಯಪುರ, ಬಾಗಲಕೋಟೆ, ಗದಗ ಭಾಗದಲ್ಲಿ ಸೈಕಲ್ ರೇಸ್ ಎಂದರೆ ಊರಿಗೆ ಊರೇ ರಸ್ತೆಗೆ ಬರುತ್ತದೆ. ಸಣ್ಣವನಿದ್ದಾಗ ಬೆಟಗೇರಿಯಲ್ಲಿ ಬಣ್ಣಬಣ್ಣದ ಜೆರ್ಸಿ ತೊಟ್ಟು ಸುಂಯ್ ಎಂದು ಹಾದುಹೋಗುತ್ತಿದ್ದವರನ್ನು ನೋಡಿದಾಗಿನಿಂದ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಒಂದು ನನ್ನದಾಗಬೇಕು ಎಂಬ ಆಸೆ. ಹೊಸದಕ್ಕೆ ದುಡ್ಡೆಲ್ಲಿ? ಐದನೇ ಸೆಮಿಸ್ಟರ್ ಶುರುವಾಗುವಾಗ, ಕೋರ್ಸ್ ಮುಗಿಸಿ ಹೊರಟಿದ್ದ ಸೀನಿಯರ್ ಒಬ್ಬರು ತಮ್ಮದನ್ನು ₹14,000ಕ್ಕೆ ಕೊಡುತ್ತೇನೆಂದರು. ಎಸ್ಸೆಸ್ಸೆಲ್ಸಿ ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ ಕೂಡಿಟ್ಟಿದ್ದ ಒಂಬತ್ತು ಸಾವಿರ ನನ್ನದು. ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿದು ಬಂದ ಐದು ಸಾವಿರ ಅಪ್ಪನದು.

ಆ ಸೀನಿಯರ್ ಎತ್ತರ ಐದು ಅಡಿ ಹನ್ನೊಂದು ಇಂಚು. ನನ್ನದು ಐದು ಅಡಿ ಏಳು. ಈ ನಾಲ್ಕಿಂಚಿನ ವ್ಯತ್ಯಾಸ ಏನು ಮಾಡಬಲ್ಲದು ಎಂದು ಎಂಜಿನಿಯರಿಂಗ್ ಓದುವ ನಾನು ಒಂದು ಕ್ಷಣವೂ ಯೋಚಿಸಲಿಲ್ಲ!

‘ರೂಢಿ ಆಗತೈತಿ ಬಿಡಲೇ...’

ಮೊದಲ ವಾರ ಸೀಟನ್ನು ಪೂರ್ತಿ ಕೆಳಗಿಳಿಸಿದ್ದೆ. ಕಾರಣ ಸರಳ. ಕೂತಲ್ಲಿಂದಲೇ ಎರಡೂ ಕಾಲು ನೆಲಕ್ಕೆ ತಾಗಬೇಕು ಎಂಬ ಹಳೆಯ ಅಭ್ಯಾಸ. ನವನಗರದವರೆಗೆ ಹೋಗಿ ಬರುವಷ್ಟರಲ್ಲಿ ಮೊಣಕಾಲಿನ ಮುಂಭಾಗ, ಚಿಪ್ಪಿನ ಕೆಳಗೆ, ಚುಚ್ಚಿದಂತೆ ನೋವು. ಸೀಟು ತೀರಾ ಕೆಳಗಿದ್ದರೆ ಪ್ರತಿ ಸುತ್ತಿನಲ್ಲೂ ಮೊಣಕಾಲು ಹೆಚ್ಚು ಮಡಚಿಕೊಂಡೇ ಒತ್ತಬೇಕಾಗುತ್ತದೆ, ಆ ಹೊರೆಯೆಲ್ಲ ಚಿಪ್ಪಿನ ಮೇಲೆ ಬೀಳುತ್ತದೆ ಎಂದು ಆಗ ತಿಳಿದಿರಲಿಲ್ಲ.

‘ರೇಸರ್‌ಗಳ ಸೀಟು ಮೇಲಿರತೈತಿ ನೋಡು’ ಎಂದ ರೂಮ್‌ಮೇಟ್. ಸರಿ, ಸೀನಿಯರ್ ಇಟ್ಟುಕೊಂಡಿದ್ದ ಎತ್ತರಕ್ಕೇ ಏರಿಸಿದೆ. ಮುಂಭಾಗದ ನೋವು ಹೋಯಿತು, ಮೊಣಕಾಲಿನ ಹಿಂಭಾಗದಲ್ಲಿ ಹೊಸ ನೋವು ಬಂತು. ಪೆಡಲ್ ಕೆಳಗೆ ಹೋದಾಗಲೆಲ್ಲ ಕಾಲು ಎಟುಕದೆ ಸೊಂಟ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿತ್ತು. ತೊಡೆಸಂದಿಯಲ್ಲಿ ಉಜ್ಜಿ ಉಜ್ಜಿ ಉರಿ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಸೀಟಿನ ಮೂತಿಯನ್ನು ಕೆಳಕ್ಕೆ ಬಾಗಿಸಿದೆ. ಉರಿ ಕಡಿಮೆಯಾಯಿತು, ಗೆದ್ದೆ ಎಂದುಕೊಂಡೆ. ಹತ್ತು ದಿನಕ್ಕೆ ಕೈಬೆರಳುಗಳಲ್ಲಿ ಜೋಮು ಶುರುವಾಯಿತು.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ‘ರೂಢಿ ಆಗತೈತಿ ಬಿಡಲೇ.’ ನಾನೂ ನಂಬಿದೆ. ನಂಬಿದ್ದಷ್ಟೇ ಅಲ್ಲ, ನೋವು ತಿಂದು ಸೈಕಲ್ ಹೊಡೆಯುವುದೇ ಗಟ್ಟಿಗತನ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಇಂಟರ್ನಲ್ಸ್‌ನಲ್ಲಿ ಪೆನ್ನು ಹಿಡಿದು ಅರ್ಧ ಗಂಟೆ ಬರೆಯುವಷ್ಟರಲ್ಲಿ ಕೈ ಝಾಡಿಸಿಕೊಳ್ಳಬೇಕಾದಾಗಲೂ ಬುದ್ಧಿ ಬರಲಿಲ್ಲ.

ದೀಪಾವಳಿಗೆ ಸೈಕಲ್ಲಿನಲ್ಲೇ ಊರಿಗೆ ಹೋಗಿ ಎಲ್ಲರನ್ನೂ ಬೆರಗುಗೊಳಿಸಬೇಕು ಎಂದು ಹೊರಟೆ. ಹುಬ್ಬಳ್ಳಿಯಿಂದ ಗದಗಕ್ಕೆ ಹೆಚ್ಚುಕಡಿಮೆ 60 ಕಿ.ಮೀ. ಶಿರಗುಪ್ಪಿ ದಾಟುವವರೆಗೆ ಚೆನ್ನಾಗಿತ್ತು. ನಲವಡಿ ಹತ್ತಿರ ಕೈ ಬಿಟ್ಟು ಬಿಟ್ಟು ಹೊಡೆಯತೊಡಗಿದೆ. ಅಣ್ಣಿಗೇರಿಯಲ್ಲಿ ನಾಯಿಯೊಂದು ಅಡ್ಡ ಬಂದಾಗ ಬ್ರೇಕ್ ಒತ್ತಲು ಹೋದರೆ, ಬೆರಳು ಲಿವರ್ ಮೇಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ. ಹೇಗೋ ಕಾಲು ಕೊಟ್ಟು ನಿಂತೆ. ಅಲ್ಲಿಂದ ಗದಗದವರೆಗೆ ನನ್ನ ರೋಡ್ ಬೈಕ್ ಬಂದದ್ದು ಉಳ್ಳಾಗಡ್ಡಿ ಚೀಲ ಹೇರಿಕೊಂಡಿದ್ದ ಟೆಂಪೊ ಮೇಲೆ.

ಯಾರ ಅಳತಿಗೆ ಮಾಡಿದ್ದು?

ಪಾಡ್ಯದ ಆ ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ‘ಮಾರಿಬಿಡತೀನಿ, ನಿನ್ನ ಐದು ಸಾವಿರ ವಾಪಸ್ ಕೊಡತೀನಿ’ ಎಂದೆ. ಅಪ್ಪ ಬೈಯಲಿಲ್ಲ. ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದ.

‘ಇದು ಯಾರ ಅಳತಿಗೆ ಮಾಡಿದ್ದು?’

‘ಯಾರದೂ ಅಲ್ಲಪ್ಪಾ, ರೆಡಿಮೇಡ್.’

‘ರೆಡಿಮೇಡ್ ಅಂದಮ್ಯಾಲೆ ಆಲ್ಟ್ರೇಶನ್ ಮಾಡಾಕ ಬೇಕಲ್ಲ?’

ಈಚೆಗೆ ಅಪ್ಪನ ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಆನ್‌ಲೈನ್‌ನಲ್ಲಿ ತರಿಸಿದ ಪ್ಯಾಂಟು, ಅಂಗಿ ಹಿಡಿದುಕೊಂಡು ಬರುತ್ತಾರೆ. ಸೊಂಟ ಹಿಡಿಯುವುದು, ತೋಳು ಕತ್ತರಿಸುವುದು, ಕಾಲು ಮಡಚುವುದು. ‘ಬಟ್ಟಿ ಮನಷ್ಯಾಗ ಹೊಂದಬೇಕು, ಮನಷ್ಯಾ ಬಟ್ಟಿಗೆ ಹೊಂದೂದಲ್ಲ’ ಎನ್ನುತ್ತಾ ಅಪ್ಪ ಕೊರಳಲ್ಲಿದ್ದ ಟೇಪು ತೆಗೆದ. ನಾನು ಮೊಬೈಲ್ ತೆಗೆದೆ. ಮೂರು ತಿಂಗಳು ನೋವು ತಿಂದವನು ಮೊದಲ ಬಾರಿಗೆ ಓದಲು, ಅಳೆಯಲು ಕುಳಿತೆ.

ಮೊದಲು ಸೀಟಿನ ಎತ್ತರ

ಸೈಕಲ್ ಫಿಟ್ಟಿಂಗ್‌ಗೆ ಬೇಕಾದ ಮೊದಲ ಅಳತೆ ಕಾಲಿನ ಒಳ ಉದ್ದ. ಅಪ್ಪ ತಟ್ಟನೆ, ‘ನಿಂದು ಇಪ್ಪತ್ತೊಂಬತ್ತು’ ಎಂದ. ಅದು ಪ್ಯಾಂಟಿನ ಲೆಕ್ಕ. ಸೈಕಲ್ಲಿಗೆ ಆ ಸಂಖ್ಯೆಯೂ ಆಗದು, ಜೀನ್ಸ್ ಪಟ್ಟಿಯ ಮೇಲೆ ಅಚ್ಚಾಗಿರುವ ಸಂಖ್ಯೆಯೂ ಆಗದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ, ಪಾದಗಳ ನಡುವೆ ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ ಬಿಟ್ಟು ನಿಲ್ಲಬೇಕು. ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿಯಬೇಕು. ನೆಲದಿಂದ ಆ ಪುಸ್ತಕದ ಮೇಲಂಚಿನವರೆಗಿನ ಉದ್ದವೇ ನಮಗೆ ಬೇಕಾದದ್ದು. ನನ್ನ ಥರ್ಮೋಡೈನಮಿಕ್ಸ್ ಪುಸ್ತಕ ಕೊನೆಗೂ ಹೀಗೆ ಉಪಯೋಗಕ್ಕೆ ಬಂತು. ಅಳತೆ ಬಂದದ್ದು ಮೂವತ್ತೊಂದೂವರೆ ಇಂಚು, ಅಂದರೆ 80 ಸೆಂ.ಮೀ.

ಇದನ್ನು 0.883ರಿಂದ ಗುಣಿಸಿ. ಬರುವ ಉತ್ತರ, ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ, ಸೀಟ್ ಟ್ಯೂಬಿನ ನೇರಕ್ಕೆ ಇರಬೇಕಾದ ದೂರ. 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಿಂದ ಈ ಸೂತ್ರ ಜನಪ್ರಿಯ. ನನ್ನ ಲೆಕ್ಕ 70.6 ಸೆಂ.ಮೀ. ಬಂತು. ಇದಕ್ಕೂ ಹಳೆಯ ಇನ್ನೊಂದು ಸೂತ್ರವಿದೆ. ಬ್ರಿಟನ್ನಿನ ಹ್ಯಾಮ್ಲಿ ಮತ್ತು ಥಾಮಸ್ 1967ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಳಗಿರುವ ಪೆಡಲ್ಲಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಒಳ ಉದ್ದದ ಶೇ 109ರಷ್ಟಿರಬೇಕು. ಹಾಗೆ ನೋಡಿದರೆ 87.2. ಅದರಲ್ಲಿ ನನ್ನ ಕ್ರ್ಯಾಂಕಿನ ಉದ್ದ 17 ಸೆಂ.ಮೀ. ಕಳೆದರೆ 70.2. ಎರಡು ಬೇರೆ ದಾರಿ, ಉತ್ತರದಲ್ಲಿ ವ್ಯತ್ಯಾಸ ಬರೀ ನಾಲ್ಕು ಮಿಲಿಮೀಟರ್!

ಆಮೇಲೆ ಸೈಕಲ್ಲಿಗೆ ಟೇಪು ಹಿಡಿದೆವು. ಸೀಟು ಇದ್ದದ್ದು 73 ಸೆಂ.ಮೀ. ಎತ್ತರದಲ್ಲಿ. ಹತ್ತಿರ ಹತ್ತಿರ ಒಂದು ಇಂಚು ಹೆಚ್ಚು. ‘ಪ್ಯಾಂಟು ಒಂದಿಂಚು ಉದ್ದಾದ್ರ ನೆಲಾ ಗುಡಸತೈತಿ. ನೀ ಮೂರು ತಿಂಗಳು ಅದನ್ನ ಹಾಕ್ಕೊಂಡು ತಿರಗೀದಿ’ ಎಂದು ಅಪ್ಪ ನಕ್ಕ.

ಲೆಕ್ಕ ಬೇಡ ಎನ್ನುವವರಿಗೆ ಹಿಮ್ಮಡಿಯ ಪರೀಕ್ಷೆ ಇದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಮೊಣಕಾಲು ಆಗಷ್ಟೇ ನೇರವಾಗಬೇಕು. ಆಮೇಲೆ ಎಂದಿನಂತೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಈ ಬಾಗು 25ರಿಂದ 35 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಗೆಳೆಯನಿಂದ ಪಕ್ಕದಿಂದ ಫೋಟೊ ತೆಗೆಸಿಕೊಂಡು ಕೋನಮಾಪಕ ಇಟ್ಟು ನೋಡಬಹುದು. ಹೀಗೆ ಹೊಂದಿಸಿದಾಗ ಸೀಟಿನಲ್ಲಿ ಕೂತೇ ಎರಡೂ ಪಾದ ನೆಲಕ್ಕೆ ಊರಲು ಆಗುವುದಿಲ್ಲ. ಗಾಬರಿ ಬೇಡ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದೇ ಸರಿಯಾದ ಕ್ರಮ. ಸೀಟನ್ನು ಏರಿಸುವವರು ಸೀಟ್ ಪೋಸ್ಟ್ ಮೇಲಿನ ಕನಿಷ್ಠ ಆಳದ ಗೆರೆ ಹೊರಗೆ ಕಾಣದಂತೆ ನೋಡಿಕೊಳ್ಳಿ. ಆ ಗೆರೆ ಹೊರಬಂದರೆ ಪೋಸ್ಟ್ ಅಥವಾ ಫ್ರೇಮ್ ಮುರಿಯುವ ಅಪಾಯವಿದೆ.

ಅಪ್ಪ ತನ್ನ ಮಾರ್ಕಿಂಗ್ ಚಾಕಿನಿಂದ ಕಪ್ಪು ಸೀಟ್ ಪೋಸ್ಟ್ ಮೇಲೆ ಹಳೆಯ ಜಾಗಕ್ಕೊಂದು, ಹೊಸ ಜಾಗಕ್ಕೊಂದು ಗೆರೆ ಎಳೆದ. ‘ಹಳೇ ಗೆರಿ ಅಳಸಬ್ಯಾಡ. ತಪ್ಪಾದ್ರ ವಾಪಸ್ ಹೋಗಾಕ ಬೇಕಾಗತೈತಿ.’

ಕೈ ನೋವಿನ ಬೇರು ಎಲ್ಲಿತ್ತು?

ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪಾಠದಲ್ಲಿ ಟೊಯೊಟಾ ಕಾರ್ಖಾನೆಯಿಂದ ಬಂದ ‘ಐದು ಯಾಕೆ’ ಎಂಬ ವಿಧಾನ ಓದಿದ್ದೆ. ದೋಷ ಕಂಡಲ್ಲಿ ನಿಲ್ಲದೆ ಯಾಕೆ, ಯಾಕೆ ಎಂದು ಕೇಳುತ್ತಾ ಬೇರಿನವರೆಗೆ ಹೋಗುವುದು. ಐದು ಅಂಕಕ್ಕೆ ಉತ್ತರ ಬರೆದಿದ್ದೆನೇ ಹೊರತು ಬಳಸಿರಲಿಲ್ಲ. ಆ ದಿನ ಅಂಗಳದಲ್ಲಿ ಬಳಸಿದೆ.

ಬೆರಳು ಜೋಮು ಹಿಡಿಯುವುದು ಯಾಕೆ? ಕಿರುಬೆರಳಿಗೆ ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಹೋಗುವ ಅಲ್ನರ್ ನರ ಮಣಿಕಟ್ಟಿನ ಬಳಿ ಅಂಗೈಯ ಬುಡದಲ್ಲಿ ಹಾದುಹೋಗುತ್ತದೆ. ಅದರ ಮೇಲೆ ಭಾರ ಬಿದ್ದಿತ್ತು. ಭಾರ ಯಾಕೆ? ಮೈ ಮುಂದಕ್ಕೆ ಜಾರುತ್ತಿತ್ತು, ಅದನ್ನು ಕೈಯಿಂದ ತಡೆದು ನಿಲ್ಲಿಸುತ್ತಿದ್ದೆ. ಜಾರುತ್ತಿದ್ದದ್ದು ಯಾಕೆ? ಸೀಟಿನ ಮೂತಿ ಕೆಳಗೆ ಬಾಗಿತ್ತು. ಬಾಗಿಸಿದ್ದು ಯಾಕೆ? ತೊಡೆಸಂದಿ ಉರಿಯುತ್ತಿತ್ತು. ಉರಿ ಯಾಕೆ? ಸೀಟು ಒಂದಿಂಚು ಎತ್ತರವಿತ್ತು!

ಸರಿಯಾಗಿ ಐದನೇ ‘ಯಾಕೆ’ಗೆ ಉತ್ತರ ಸಿಕ್ಕಿತ್ತು. ಕೈ ನೋವಿಗೆ ನಾನು ಗ್ಲೌಸ್ ಕೊಂಡಿದ್ದೆ, ಹ್ಯಾಂಡಲ್ಲಿಗೆ ದಪ್ಪ ಟೇಪು ಸುತ್ತಿಸಿದ್ದೆ. ಬೇರು ನೋಡಿದರೆ ಕೈಯಲ್ಲಿರಲೇ ಇಲ್ಲ, ಕೂತ ಜಾಗದಲ್ಲಿತ್ತು.

ಮೊಬೈಲಿನಲ್ಲಿರುವ ಲೆವೆಲ್ ಆ್ಯಪ್ ತೆರೆದು, ಸೀಟಿನ ಮೇಲೆ ಅಪ್ಪನ ಮರದ ಸ್ಕೇಲ್ ಅಡ್ಡ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟೆವು. ಮೂತಿ ಏಳು ಡಿಗ್ರಿ ಕೆಳಗಿತ್ತು. ಅಲೆನ್ ಕೀ ಹಾಕಿ ಸಮತಟ್ಟು ಮಾಡಿದೆ. ಶುರುವಿಗೆ ಸಮತಟ್ಟೇ ಸರಿ. ಆಮೇಲೆ ಬೇಕೆನಿಸಿದರೆ ಒಂದೆರಡು ಡಿಗ್ರಿಯಷ್ಟೇ ಬದಲಿಸಿ. ಅಂದಹಾಗೆ, ನೋವೆಂದು ಮೆತ್ತನೆಯ ಜೆಲ್ ಕವರ್ ಹಾಕುವವರಿಗೆ ಒಂದು ಮಾತು. ನಮ್ಮ ಭಾರ ಹೊರಬೇಕಾದದ್ದು ಕುಂಡಿಯ ಕೆಳಗಿನ ಎರಡು ಎಲುಬುಗಳು. ಸೀಟು ಅತಿ ಮೆತ್ತಗಿದ್ದರೆ ಎಲುಬು ಹುದುಗಿ, ನಡುವಿನ ಮೆದು ಭಾಗದ ಮೇಲೆ ಒತ್ತಡ ಇನ್ನೂ ಹೆಚ್ಚುತ್ತದೆ.

ದಾರದ ತುದಿಗೊಂದು ನಟ್ಟು

ಮೂರನೆಯದು ಸೀಟನ್ನು ಮುಂದೆ-ಹಿಂದೆ ಸರಿಸುವುದು. ಇದಕ್ಕೆ ಗೌಂಡಿಯವರ ತೂಕದ ಗುಂಡಿನಂಥದ್ದು ಬೇಕು. ಅಪ್ಪನ ಉಂಡೆಯಿಂದ ಮೊಳದುದ್ದ ದಾರ ತೆಗೆದು ತುದಿಗೊಂದು ನಟ್ಟು ಕಟ್ಟಿದೆವು. ಸೀಟಿನ ಮೇಲೆ ಕೂತು ಎರಡೂ ಪೆಡಲ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಮುಂದಿನ ಕಾಲಿನ ಚಿಪ್ಪಿನ ಕೆಳಗಿನಿಂದ ದಾರ ಇಳಿಬಿಟ್ಟರೆ ಅದು ಪೆಡಲ್ಲಿನ ಅಚ್ಚಿನ ಮೇಲೆ ಹಾಯಬೇಕು. ನನ್ನದು ಒಂದು ಸೆಂ.ಮೀ. ಹಿಂದಿತ್ತು. ಸೀಟಿನ ಕೆಳಗಿನ ಕಂಬಿಗಳ ಮೇಲೆ ಅಷ್ಟೇ ಮುಂದಕ್ಕೆ ಸರಿಸಿದೆ.

ಇದು ವೇದವಾಕ್ಯವಲ್ಲ, ಶುರು ಮಾಡಲು ಒಂದು ಗುರುತು ಅಷ್ಟೆ. ಆದರೆ ಒಂದು ಎಚ್ಚರಿಕೆ ಬೇಕು. ಹ್ಯಾಂಡಲ್ ದೂರವೆನಿಸುತ್ತದೆ ಎಂದು ಸೀಟನ್ನು ಮುಂದಕ್ಕೆ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ನನಗೂ ಆಯಿತು. ಹಾಗೆ ಮಾಡಿದರೆ ಭಾರ ಮತ್ತೆ ಕೈಗೆ ಬೀಳುತ್ತದೆ. ಸೀಟು ನೋಡಬೇಕಾದದ್ದು ಪೆಡಲ್ಲಿನ ಕಡೆ. ಹ್ಯಾಂಡಲ್ಲಿನ ದೂರವನ್ನು ಹ್ಯಾಂಡಲ್ಲಿನ ಕಡೆಯಿಂದಲೇ ಸರಿಮಾಡಬೇಕು. ಇನ್ನೊಂದು ವಿಷಯ, ಸೀಟು ಮುಂದೆ-ಹಿಂದೆ ಹೋದಾಗ ಪೆಡಲ್ಲಿನ ದೂರವೂ ತುಸು ಬದಲಾಗುತ್ತದೆ. ಆದ್ದರಿಂದ ಎತ್ತರವನ್ನು ಮತ್ತೊಮ್ಮೆ ಅಳೆದುಕೊಳ್ಳಿ.

ಹ್ಯಾಂಡಲ್ಲಿನ ಸರದಿ

ಹಬ್ಬ ಮುಗಿಸಿ ಹುಬ್ಬಳ್ಳಿಗೆ ಬಸ್ಸಿನಲ್ಲೇ ಹೋದೆ. ಸೈಕಲ್ ಹಿಂದಿನಿಂದ ಟೆಂಪೊದಲ್ಲಿ ಬಂತು. ಎರಡು ವಾರ ಕಾಲೇಜು-ಹಾಸ್ಟೆಲ್-ಉಣಕಲ್ ಕೆರೆ ಅಷ್ಟರಲ್ಲೇ ಓಡಿಸಿದೆ. ಮೊಣಕಾಲು ಸುಮ್ಮನಾಯಿತು. ಜೋಮು ಅರ್ಧ ಇಳಿಯಿತು. ಆದರೆ ಕುತ್ತಿಗೆ ಮತ್ತು ಹೆಗಲು ಬಿಗಿಯುವುದು ನಿಲ್ಲಲಿಲ್ಲ.

ಹ್ಯಾಂಡಲ್ಲಿನಲ್ಲಿ ನೋಡಬೇಕಾದದ್ದು ಮೂರು: ಅಗಲ, ಎತ್ತರ, ದೂರ. ಅಗಲ ಸುಮಾರಾಗಿ ನಮ್ಮ ಹೆಗಲಿನಷ್ಟಿರಬೇಕು. ಅಪ್ಪನ ಅಳತೆ ಪುಸ್ತಕದಲ್ಲಿ ನನ್ನ ಹೆಗಲು ಹದಿನಾರು ಇಂಚು, ಅಂದರೆ 40.6 ಸೆಂ.ಮೀ. ಹ್ಯಾಂಡಲ್ 42. ಇದೊಂದು ಸರಿಯಿತ್ತು. ಎತ್ತರ ಮಾತ್ರ ತೀರಾ ಕೆಳಗಿತ್ತು. ಸೀನಿಯರ್ ರೇಸಿನಂತೆ ಬಾಗಿ ಹೊಡೆಯುತ್ತಿದ್ದರಿಂದ, ಸ್ಟೆಮ್‌ನ ಕೆಳಗಿರಬೇಕಾದ ಉಂಗುರಗಳನ್ನೆಲ್ಲ ಮೇಲಕ್ಕೆ ಹಾಕಿದ್ದರು. ಸ್ಟೆಮ್ ಎಂದರೆ ಹ್ಯಾಂಡಲ್ಲನ್ನು ಫೋರ್ಕಿನ ಕೊಳವೆಗೆ ಜೋಡಿಸುವ ತುಂಡು. ಹೊಸಬರಿಗೆ ಹ್ಯಾಂಡಲ್ ಸೀಟಿನ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಎರಡು-ಮೂರು ಸೆಂ.ಮೀ. ಕೆಳಗಿದ್ದರೆ ಸಾಕು.

ಬಾಗಿದ ಭಂಗಿ ಸುಳ್ಳು ಎಂದಲ್ಲ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಲೆಮಾಂಡ್ 50 ಸೆಕೆಂಡ್ ಹಿಂದಿದ್ದರು. ಉಳಿದದ್ದು 24.5 ಕಿ.ಮೀ.ಗಳ ಒಂಟಿ ಓಟ. ಅವರು ಹ್ಯಾಂಡಲ್ಲಿಗೆ ಮುಂಚಾಚಿದ ಏರೋ ಬಾರ್ ಜೋಡಿಸಿಕೊಂಡು, ಮೊಣಕೈ ಒಳಗೆ ಸೇರಿಸಿ, ಗಾಳಿಗೆ ಮೈ ಸಿಗದಂತೆ ಬಾಗಿ ಹೊಡೆದರು. ಎದುರಾಳಿ ಲಾರೆಂಟ್ ಫಿನ್ಯೊ ಏರೋ ಬಾರ್ ಇಲ್ಲದೆ ಓಡಿದರು. ಮೂರು ವಾರ, 3,200 ಕಿ.ಮೀ.ಗೂ ಹೆಚ್ಚು ದೂರದ ಆ ರೇಸನ್ನು ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡ್‌ಗಳಿಂದ. ಭಂಗಿಗೆ ಅಷ್ಟು ಬೆಲೆಯಿದೆ. ಆದರೆ ಅದು ಅವರ ಮೈಗೆ, ಅವರ ಆ ದಿನದ ಕೆಲಸಕ್ಕೆ ಹೊಂದಿದ ಭಂಗಿ. ಬೆಳಿಗ್ಗೆ ಎಂಟೂವರೆಯ ಕ್ಲಾಸಿಗೆ ಬ್ಯಾಗ್ ಹೊತ್ತು ಓಡುವ ನನಗೆ ಅದನ್ನು ಕಡ ತರುವ ಅಗತ್ಯವಿರಲಿಲ್ಲ.

ಇಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಹಾಸ್ಟೆಲ್ ವರಾಂಡದಲ್ಲಿ ಸ್ಟೆಮ್ ಬಿಚ್ಚಿ, ತಲಾ ಒಂದು ಸೆಂ.ಮೀ. ದಪ್ಪದ ಎರಡು ಉಂಗುರ ಕೆಳಗೆ ಹಾಕಿ, ಪಕ್ಕದ ಬೋಲ್ಟ್‌ಗಳನ್ನು ಮೊದಲು ಬಿಗಿದೆ. ಆಮೇಲೆ ಮೇಲಿನ ಮುಚ್ಚಳದ ಬೋಲ್ಟ್ ಬಿಗಿದೆ. ಮರುದಿನ ಬ್ರೇಕ್ ಒತ್ತಿದಾಗಲೆಲ್ಲ ಮುಂದಿನಿಂದ ‘ಟಕ್ ಟಕ್’ ಸದ್ದು. ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್ ಸರ್ ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ-ಮುಂದೆ ಅಲುಗಾಡಿಸಿ ನೋಡಿ, ‘ಏನಪಾ, ಹಲ್ಲು ಅಲಗ್ಯಾಡಿದಂಗ ಅಲಗ್ಯಾಡಾಕತ್ತೈತಿ. ಹಿಂಗ ಹೊಡದ್ರ ನಿನ್ನ ಹಲ್ಲ ಬೀಳತಾವ’ ಎಂದರು.

ಕ್ರಮ ಹೀಗಿದೆ: ಬಿಚ್ಚುವಾಗ ಮೊದಲು ಸ್ಟೆಮ್‌ನ ಪಕ್ಕದ ಬೋಲ್ಟ್ ಸಡಿಲಿಸಿ, ನಂತರ ಮೇಲಿನ ಮುಚ್ಚಳ ತೆಗೆಯಬೇಕು. ಹಾಕುವಾಗ ಮೊದಲು ಮೇಲಿನ ಮುಚ್ಚಳವನ್ನು ಅಲುಗಾಟ ಹೋಗುವಷ್ಟು, ಆದರೆ ಹ್ಯಾಂಡಲ್ ಸಲೀಸಾಗಿ ತಿರುಗುವಷ್ಟು ಮಾತ್ರ ಬಿಗಿಯಬೇಕು. ಆಮೇಲೆ ಹ್ಯಾಂಡಲ್ಲನ್ನು ಚಕ್ರದ ನೇರಕ್ಕೆ ತಂದು, ಪಕ್ಕದ ಬೋಲ್ಟ್‌ಗಳನ್ನು ಒಂದರ ನಂತರ ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂದು ಸ್ಟೆಮ್ ಮೇಲೆ ನ್ಯೂಟನ್-ಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ನನ್ನದರಲ್ಲಿ 5 ಎಂದಿತ್ತು. ಲ್ಯಾಬಿನ ಟಾರ್ಕ್ ರೆಂಚ್ ಹಾಕಿ ಸರ್ ಎದುರಿಗೇ ಬಿಗಿದೆ. ಐದು ನ್ಯೂಟನ್-ಮೀಟರ್ ಎಷ್ಟು ಹಗುರ ಎಂದು ಕೈಗೆ ತಿಳಿದದ್ದು ಅಂದೇ. ನಾವು ಸಾಮಾನ್ಯವಾಗಿ ಮೈಯ ಬಲವನ್ನೆಲ್ಲ ಹಾಕಿ ಬೋಲ್ಟ್ ಹಾಳುಮಾಡುತ್ತೇವೆ. ಈ ಕೆಲಸ ಕೈಗೆ ಹತ್ತದು ಎನಿಸಿದರೆ ಮೆಕ್ಯಾನಿಕ್ ಹತ್ತಿರ ಮಾಡಿಸುವುದೇ ಕ್ಷೇಮ.

ದೂರಕ್ಕೆ ಸುಲಭ ಪರೀಕ್ಷೆ ಇದು: ಬ್ರೇಕ್ ಲಿವರ್ ಮೇಲಿನ ರಬ್ಬರ್ ಹಿಡಿದು ಕೂತಾಗ ಮೊಣಕೈ ತುಸು ಬಾಗಿರಬೇಕು, ಮಣಿಕಟ್ಟು ನೇರವಿರಬೇಕು, ಹೆಗಲು ಕಿವಿಯ ಕಡೆ ಏರಿರಬಾರದು. ನನ್ನ ಕೈ ಕೋಲಿನಂತೆ ನೆಟ್ಟಗಿತ್ತು. 110 ಮಿ.ಮೀ. ಸ್ಟೆಮ್ ತೆಗೆದು 90 ಮಿ.ಮೀ.ನದು ಹಾಕಿಸಿದೆ. ಖರ್ಚು ₹700. ಇಡೀ ಆಲ್ಟ್ರೇಶನ್‌ಗೆ ನಾನು ಕೊಟ್ಟ ದುಡ್ಡು ಇಷ್ಟೇ.

ಆದರೆ ಎಲ್ಲವನ್ನೂ ಆಲ್ಟ್ರೇಶನ್‌ನಿಂದ ಸರಿಪಡಿಸಲು ಆಗದು. ಫ್ರೇಮೇ ದೊಡ್ಡದಾದರೆ ಯಾರೇನೂ ಮಾಡಲಾಗದು. ಟೇಲರಿಂಗ್‌ನಲ್ಲಿ ಬಟ್ಟೆ ಹೆಚ್ಚಿದ್ದರೆ ಹಿಡಿಯಬಹುದು, ಕಡಿಮೆಯಿದ್ದರೆ ಕಷ್ಟ. ಸೈಕಲ್ಲಿನಲ್ಲಿ ಇದು ಉಲ್ಟಾ. ತುಸು ಚಿಕ್ಕ ಫ್ರೇಮನ್ನು ಸೀಟ್ ಪೋಸ್ಟ್, ಸ್ಟೆಮ್ ಬದಲಿಸಿ ಹೊಂದಿಸಬಹುದು, ದೊಡ್ಡದನ್ನು ಕುಗ್ಗಿಸಲಾಗದು. ನನ್ನ ಅದೃಷ್ಟಕ್ಕೆ ಇದು ನಡುವಿನ ಸೈಜು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲೆ ಕೇಳುವ ಮೊದಲು ಸೈಜು ಕೇಳಿ.

ಒಂದು ಸಲಕ್ಕೆ ಒಂದೇ

ಇಷ್ಟೆಲ್ಲದರಲ್ಲಿ ನಾನು ಕಲಿತ ದೊಡ್ಡ ಪಾಠವೆಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಐದು ಮಿಲಿಮೀಟರ್ ಒಳಗೆ. ನನ್ನ ಸೀಟಿನಂತೆ ಕಣ್ಣಿಗೆ ಕಾಣುವ ದೊಡ್ಡ ತಪ್ಪಿದ್ದರೆ ಬೇರೆ ಮಾತು. ಎರಡು ಬದಲಾವಣೆ ಒಟ್ಟಿಗೇ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಹಳೆಯ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ, ಬದಲಾವಣೆ, ಓಡಿಸಿದ ದೂರ, ಎಲ್ಲಿ ನೋವು ಎಂದು ನಾಲ್ಕು ಕಾಲಂ ಹಾಕಿದೆ. ಸೀಟು ಕೊನೆಗೆ ನಿಂತದ್ದು 70.6ರಲ್ಲೂ ಅಲ್ಲ, 70.2ರಲ್ಲೂ ಅಲ್ಲ, ಸರಿಯಾಗಿ 70ಕ್ಕೆ. ಸೂತ್ರ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಹೋಗಬೇಕಾದವರು ನಾವೇ. ಇಷ್ಟು ಮಾಡಿದ ಮೇಲೂ ಜೋಮು, ನೋವು ಉಳಿದರೆ ಡಾಕ್ಟರ್ ಅಥವಾ ಫಿಸಿಯೊಥೆರಪಿಸ್ಟ್ ಬಳಿ ಹೋಗಿ. ನರದ ವಿಷಯದಲ್ಲಿ ಹುಡುಗಾಟ ಬೇಡ.

ಸೆಮಿಸ್ಟರ್ ಪರೀಕ್ಷೆ ಮುಗಿಯಿತು. ಮೂರು ಗಂಟೆ ಬರೆದರೂ ಕೈ ಝಾಡಿಸಲಿಲ್ಲ. ಸಂಕ್ರಾಂತಿಯ ಹಿಂದಿನ ದಿನ ನಸುಕಿನಲ್ಲಿ ಮತ್ತೆ ಗದಗದ ರಸ್ತೆ ಹಿಡಿದೆ. ಎರಡೂ ಕಡೆ ಎರೆಹೊಲದಲ್ಲಿ ಕಡಲೆ, ಜೋಳ. ಎದುರುಗಾಳಿ ಇತ್ತು, ಆಗಾಗ ಕೈಯ ಜಾಗ ಬದಲಿಸುತ್ತಾ ಹೊಡೆದೆ. ಅಣ್ಣಿಗೇರಿಯಲ್ಲಿ ನಿಂತು ಚಹಾ ಕುಡಿದೆ. ಬೇಕೆಂದೇ ಬೆರಳು ಮಡಚಿ ಬಿಚ್ಚಿ ನೋಡಿದೆ. ಹತ್ತೂ ನನ್ನವೇ ಆಗಿದ್ದವು. ಹುಲಕೋಟಿ ದಾಟಿ, ಮೂರು ಗಂಟೆ ಚಿಲ್ಲರೆಯಲ್ಲಿ ಬೆಟಗೇರಿಯ ಮನೆ ಮುಂದೆ ಇಳಿದಾಗ ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಸ್ನಾನ ಮಾಡಿ ದೀಪಾವಳಿಯ ಅದೇ ಅಂಗಿ ತೊಟ್ಟು, ಅಪ್ಪನ ಎದುರು ನಿಂತು ಏಳೂ ಗುಂಡಿ ಹಾಕಿದೆ. ಅಪ್ಪ ಏನೂ ಅನ್ನಲಿಲ್ಲ, ಕಾಲರ್ ಸರಿಮಾಡಿದ.

ಮಧ್ಯಾಹ್ನ ಅಂಗಡಿಯಲ್ಲಿ ಕೂತು ಅಪ್ಪ ಹೊಲಿಯುವುದನ್ನು ನೋಡುತ್ತಿದ್ದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದದ್ದೇ. ಅಂದು ಮಾತ್ರ ಬೇರೆಯದೇ ಕಂಡಿತು. ಅಪ್ಪನ ಕಬ್ಬಿಣದ ಕುರ್ಚಿ ತೀರಾ ಗಿಡ್ಡ. ಮೊಣಕಾಲು ಸೊಂಟಕ್ಕಿಂತ ಮೇಲೆ, ಹೆಗಲು ಕಿವಿಯ ಹತ್ತಿರ. ರಾತ್ರಿ ಅವ್ವ ಆ ಬೆನ್ನಿಗೆ ಮುಲಾಮು ತಿಕ್ಕುವುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ.

‘ಅಪ್ಪಾ, ಈ ಕುರ್ಚಿ ಯಾರ ಅಳತಿಗೆ ಮಾಡಿದ್ದು?’

ಅಪ್ಪ ಪೆಡಲ್ ನಿಲ್ಲಿಸಿದ. ‘ಮೂವತ್ತು ವರ್ಷ ಆತೋ. ರೂಢಿ ಆಗೈತಿ.’

ಅಪ್ಪನ ಕೊರಳಿನಿಂದ ಟೇಪು ತೆಗೆದುಕೊಂಡೆ. ಕುರ್ಚಿ ಎರಡೂವರೆ ಇಂಚು ಕಡಿಮೆಯಿತ್ತು. ಒಮ್ಮೆಲೇ ಏರಿಸಲಿಲ್ಲ. ಒಂದಿಂಚಿನ ಹಲಗೆ ಇಟ್ಟು, ಮೇಲೆ ಹಳೆಯ ಕೌದಿ ಮಡಚಿ ಹಾಸಿ ಬಂದೆ. ಅಪ್ಪ ಗೊಣಗಿದ, ‘ಸೂಜಿ ದೂರ ಆತು’ ಎಂದ. ಹಾಗಾದರೆ ಮುಂದಿನ ಸಲ ಮಷಿನ್ನಿನ ಕಾಲಿನ ಕೆಳಗೂ ಹಲಗೆ ಇಡಬೇಕು ಎಂದು ನನ್ನ ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡೆ.

ಹುಬ್ಬಳ್ಳಿಗೆ ಬಂದು ಹತ್ತು ದಿನಕ್ಕೆ ಫೋನ್ ಬಂತು. ಊಟ ಆಯಿತಾ, ಕ್ಲಾಸು ಶುರುವಾಯಿತಾ ಎಂದೆಲ್ಲ ಕೇಳಿ, ಇಡುವ ಮುಂಚೆ ಅಪ್ಪ ದನಿ ಇಳಿಸಿ ಹೇಳಿದ:

‘ಬರೂಮುಂದ ಇನ್ನೊಂದು ಅರ್ಧ ಇಂಚಿನ ಹಲಗಿ ತಗೊಂಡು ಬಾ.’